ಹಿತ್ತಲದಾಗ ಬೆಂಕಿ ಕುಣಿ: ಉಳಿದ ಫರಸಿ, ಹೊಳಿ ಕಲ್ಲು ನಡೀತಾವೇನು?

ಎರಿಮಣ್ಣು (ವಿಜಯಪುರ):

ನಮಸ್ಕಾರ್ರಿ ಎಲ್ಲಾರಿಗೂ. ಚಳಿಗಾಲದಾಗ ಸಂಜಿಮುಂದ ಐದಾರು ಮಂದಿ ಸುತ್ತ ಕುಂತು ಬೆಂಕಿ ಕಾಸಲಾಕ, ಎಳ್ಳ ಅಮಾಸಿ-ಸಂಕ್ರಾಂತಿ ಸುಮಾರಿಗೆ ಸೀತನಿ (ಎಳೀ ಜ್ವಾಳದ ತೆನಿ) ಸುಡಲಾಕ ಹಿತ್ತಲದಾಗ ಒಂದು ಕಾಯಂ ಕುಣಿ ಕಟ್ಟಿಸಬೇಕಂತ ಮಾಡೀವಿ.

ಜಾಗಾ ಹಿಂಗದ: ಹಿತ್ತಲ ಮನಿ ಉತ್ತರಕ್ಕ. ಪೂರ್ವ-ಪಶ್ಚಿಮ 40 ಅಡಿ, ಮನಿ ಗ್ವಾಡಿಯಿಂದ ಉತ್ತರದ ಕಂಪೌಂಡಿಗೆ 18 ಅಡಿ. ಎಲ್ಲಾ ಎರಿ ಮಣ್ಣು, ಮ್ಯಾಲ ಮುರಂ ಹಾಕಿಲ್ಲ. ಪಶ್ಚಿಮ ಕಂಪೌಂಡಿನ ಆಚೀಕಡಿ ಬಾಜೂದವರ ಕಣಿಕಿ ಬಣವಿ ಅದ, ಗ್ವಾಡಿಯಿಂದ 6 ಅಡಿ ಇರಬಹುದು. ಉತ್ತರಕ್ಕ ಖಾಲಿ ಪ್ಲಾಟು, ಒಣಾ ಹುಲ್ಲು. ಹಿತ್ತಲದ ನಟ್ಟನಡುವ ಬೇವಿನ ಗಿಡ. ಅಡಗಿಮನಿ ಬಾಗಲಾ, ಗ್ಯಾಸ್ ಸಿಲಿಂಡರ್ ಎರಡೂ ಪಶ್ಚಿಮದ ತುದಿಗೆ. ಪೂರ್ವದ ತುದಿಯೊಳಗ ಮನಿ ಗ್ವಾಡಿಗೆ ಕಿಡಕಿ ಇಲ್ಲ.

ಕೈಯಾಗ ಇರೂ ಸಾಮಾನು: ಶಹಾಬಾದಿ ಫರಸಿ ತುಂಡು, ಕೃಷ್ಣಾ ಹೊಳಿ ದಂಡಿಯ ಗುಂಡುಕಲ್ಲು, 6 ಇಂಚಿನ ಸಿಮೆಂಟ್ ಬ್ಲಾಕ್ 30. ಸುಡಲಾಕ ತೊಗರಿ ಕಟ್ಟಿಗಿ, ಹತ್ತಿ ಕಟ್ಟಿಗಿ, ಬಳ್ಳಾರಿ ಜಾಲಿ, ಹಳೀ ಬಾಗಲಾ ಚೌಕಟ್ಟು ಅದಾವ. ಇವುಗಳೊಳಗ ಯಾವ್ದು ನಡೀತದ, ಯಾವ್ದು ಇಲ್ಲ? ಕುಣಿ ಎಷ್ಟು ಆಳ, ಎಷ್ಟು ಅಗಲ? ಇನ್ನೊಂದು, ರಾತ್ರಿ ಉಳಿದ ಕೆಂಡ ಶೆಗಡಿಯೊಳಗ ತುಂಬಿ ಮಲಗೂ ಖೋಲಿಗೆ ಒಯ್ದ್ರ ಹೆಂಗ ಅಂತ ಮನಿಯಾಗ ಹಿರೇರು ಕೇಳ್ಯಾರ.


ಭಟ್ಟಿಕೆಲಸ (ಬೆಳಗಾವಿ):

ಮೂರೂ ಸಾಮಾನು ಬ್ಯಾಡ್ರಿ. ಒಂದೊಂದು ಒಂದೊಂದು ರೀತಿ ಕೆಡತಾವು.

ಹೊಳಿ ಗುಂಡುಕಲ್ಲು ಎಲ್ಲಾದ್ರಕಿಂತ ಕೆಟ್ಟದ್ದು. ನೀರಾಗ ಇದ್ದ ಕಲ್ಲಿನ ಸಣ್ಣ ಸಣ್ಣ ಸೀಳಿನೊಳಗ ನೀರು ಕುಂತಿರತೈತಿ. ಮ್ಯಾಲ ಒಣಗಿದಂಗ ಕಂಡ್ರೂ ಒಳಗ ಹಸಿ. ನೀರು ಉಗಿ ಆದ್ರ ಸುಮಾರು 1,700 ಪಟ್ಟು ಜಾಗಾ ಬೇಡತೈತಿ, ಹೊರಗ ಬರಾಕ ದಾರಿ ಇಲ್ಲಂದ್ರ ಕಲ್ಲ ಒಡದು ಬರತೈತಿ. ಕಲ್ಲಿನ ಚೂರು ಎದುರು ಕುಂತವರ ಮಾರಿಮಟ ಹಾರತಾವು. ಅವನ್ನ ಗಿಡದ ಸುತ್ತ ಇಟ್ಟು ಚಂದ ಮಾಡ್ರಿ, ಬೆಂಕಿ ಸನೇಕ ಬ್ಯಾಡ.

ಶಹಾಬಾದಿ ಫರಸಿ ಪದರ ಪದರ ಸುಣ್ಣಕಲ್ಲು. ಕಾಸಿದ್ರ ಪದರ ಬಿಚ್ಚಿ ಚಕ್ಕಿ ಹಾರತಾವು. ಕೆಂಡಕ್ಕ ನೇರ ತಾಗಿದ ಭಾಗ 800-900 ಡಿಗ್ರಿ ಮುಟ್ಟಿದ್ರ ಸುಟ್ಟ ಸುಣ್ಣ ಆಗತೈತಿ, ಮುಂದ ಮಳಿ ಬಿದ್ದಾಗ ಅರಳಿ ಉದುರತೈತಿ. ಸಿಮೆಂಟ್ ಬ್ಲಾಕಿಂದೂ ಅದ ಹಣೇಬರಾ: 400-500 ಡಿಗ್ರಿಗೆ ಸಿಮೆಂಟಿನ ಬಿಗಿ ಸಡ್ಲಾಗಿ ಸೀಳು ಬಿಡತೈತಿ. ಹೊರಗಿನ ಸುತ್ತಿಗೆ ಬ್ಲಾಕ್ ಇಡಬಹುದು, ಒಳಗಿನ ಸುತ್ತಿಗೆ ಇಲ್ಲ.

ಒಳಸುತ್ತಿಗೆ ಫೈರ್‌ಬ್ರಿಕ್ ತಗೋರಿ. ನಮ್ಮ ಉದ್ಯಮಬಾಗದ ಫೌಂಡ್ರಿಗಳ ಭಟ್ಟಿಗೆ ಒಳಗ ಹಚ್ಚೂದು ಅದನ್ನ, ಹಂಗಾಗಿ ಬೆಳಗಾವಿಯೊಳಗ ಬಿಡಿ ಬಿಡಿನೂ ಸಿಗತಾವು. ಸೈಜು 9 × 4½ × 3 ಇಂಚು. ಒಳ ಅಗಲ 30 ಇಂಚು ಇಟ್ಟ್ರ ಒಂದು ವರಸಿಗೆ 10 ಇಟ್ಟಂಗಿ, ನಾಕು ವರಸಿಗೆ 40. ಒಂದು ಇಂಚು ಸಂದು ಬಿಟ್ಟು ಅದರ ಹೊರಗ ಸಾದಾ ಸುಟ್ಟ ಇಟ್ಟಂಗಿ ಸುತ್ತು, ಅದಕ್ಕ 56-60 ಬೇಕು. ಸಂದಿನೊಳಗ ಒಣಾ ಉಸುಕು ತುಂಬ್ರಿ, ಒಳಸುತ್ತು ಹಿಗ್ಗಾಕ ಜಾಗಾ ಇರತೈತಿ, ಹೊರಸುತ್ತೂ ಅಷ್ಟು ಕಾಯೂದಿಲ್ಲ.

ಗೌಂಡಿ ಬಂದವ್ನ ಸಿಮೆಂಟ್ ಕಲಸ್ತಾನ, ಮೊದ್ಲ ಹೇಳ್ರಿ. ಫೈರ್‌ಬ್ರಿಕ್ಕಿಗೆ ಫೈರ್‌ಕ್ಲೇ (ಕಾವು ತಡಿಯೂ ಮಣ್ಣು), ಅದೂ ತೆಳ್ಳಗ, 2-3 ಮಿಲಿಮೀಟರ್. ಇಲ್ಲಂದ್ರ ಏನೂ ಹಚ್ಚದ ಒಣಾದಾಗ ಜೋಡಸ್ರಿ. ಒಂದು ಇಟ್ಟಂಗಿ ಸೀಳಿದ್ರ ಅದೊಂದನ್ನ ತಗದು ಬದಲಿ ಮಾಡಾಕ ಬರತೈತಿ. ತಳದ ವರಸಿಯೊಳಗ ನಾಕು ದಿಕ್ಕಿಗೆ ಒಂದೂವರಿ ಇಂಚಿನ ಗಾಳಿ ಕಿಂಡಿ ಬಿಡ್ರಿ, ಎರಡೂ ಸುತ್ತಿನ ಕಿಂಡಿ ಎದುರುಬದುರು ಬರಬೇಕು, ಉಸುಕು ಸುರಿದಂಗ ಬದಿಗೆ ಇಟ್ಟಂಗಿ ತುಂಡು ಕೊಡಬೇಕು. ಗಾಳಿ ಕೆಳಗಿಂದ ಸಿಗದಿದ್ರ ಹೊಗಿ ಜಾಸ್ತಿ.

ಬುನಾದಿ: ಎರಿ ಮಣ್ಣು ಮಳ್ಯಾಗ ಉಬ್ಬತೈತಿ, ಬ್ಯಾಸಗ್ಯಾಗ ಬಿರೀತೈತಿ, ಮ್ಯಾಲ ಕಟ್ಟಿದ್ದು ಎರಡು ವರ್ಷದಾಗ ವಾಲತೈತಿ. 5 ಅಡಿ ಅಗಲ, 8 ಇಂಚು ಆಳ ಎರಿ ತಗದು ಹೊರಗ ಹಾಕ್ರಿ. 6 ಇಂಚು 20 ಎಂಎಂ ಖಡಿ ದಮ್ಮಸ್ ಮಾಡಿ, ಮ್ಯಾಲ 2 ಇಂಚು ಉಸುಕು. ತಳಕ್ಕ ಕಾಂಕ್ರೀಟ್ ಬ್ಯಾಡ: ನೀರೂ ನಿಲ್ಲತೈತಿ, ಕಾಸಿದಾಗ ಸಿಡೀತೈತಿ ಬ್ಯಾರೆ. ತೋಡೂ ಮೊದ್ಲ ಬೋರಿನ ವಾಯರ್, ಪಿವಿಸಿ ಪೈಪು, ಸೆಪ್ಟಿಕ್ ಟ್ಯಾಂಕ್ ಎಲ್ಲಿ ಅದಾವ ನೋಡ್ರಿ.

ಮೊದಲ ಮೂರು ಸಲ ತಾಸು ತಾಸು ಸಣ್ಣ ಬೆಂಕಿ ಅಷ್ಟ. ಹೊಸಾ ಇಟ್ಟಂಗಿಯೊಳಗಿನ ಹಸಿ ಮೆತ್ತಗ ಹೋಗಬೇಕು.


ರವದಿ (ಮುಧೋಳ):

ಭಟ್ಟಿಯವ್ರು ಹೇಳಿದ್ದು ಎಲ್ಲಾ ಖರೆ, ಆದ್ರ ಈ ಹಿತ್ತಲಕ್ಕ ಕಾಯಂ ಕುಣಿ ಬ್ಯಾಡ ಅಂತೀನಿ. ಕಲ್ಲಿಂದು ಆಮ್ಯಾಲ, ಮೊದ್ಲ ಟೇಪ್ ಹಿಡೀರಿ.

ಅಮೆರಿಕಾದಾಗ ಹಿತ್ತಲ ಬೆಂಕಿ ರೂಢಿ ಬಾಳ, ಅವರ ಅಗ್ನಿ ಸಂಹಿತೆಯೊಳಗ ಲೆಕ್ಕಾ ಬರದಾರ: 3 ಅಡಿ ಅಗಲ, 2 ಅಡಿ ಎತ್ತರ ಮೀರದ ಕಟಗಿ ರಾಶಿಗೆ ಕಟ್ಟಡ ಮತ್ತ ಹತ್ತೂವಂಥಾ ವಸ್ತುವಿನಿಂದ 25 ಅಡಿ. ಎತ್ತಿ ಇಡೂವಂಥಾ ಪಾತ್ರಿ ಬೆಂಕಿಗೆ 15 ಅಡಿ. ಅದಕ್ಕೂ ದೊಡ್ಡದಕ್ಕ 50 ಅಡಿ. ಅವರ ಮನಿ ಬಾಳಷ್ಟು ಕಟಗೀವು, ನಮ್ಮವು ಇಟ್ಟಂಗಿ-ಸ್ಲ್ಯಾಬು, ಹಂಗಾಗಿ ಕಿಡಕಿ-ಬಾಗಲಾ ಇಲ್ಲದ ಗ್ವಾಡಿಗೆ ಎರಡ್ಮೂರು ಅಡಿ ಕಡಿಮಿ ಆದ್ರ ನಾ ತಕರಾರು ಮಾಡೂದಿಲ್ಲ. ಆದ್ರ ಬಣವಿ ಬಣವೀನ, ಎಲ್ಲಿದ್ರೂ.

ಈಗ ನಿಮ್ಮ ಲೆಕ್ಕಾ. ಎರಡು ಸುತ್ತಿನ ಕುಣಿ ಹೊರಗಿಂದ 4 ಅಡಿ ದಾಟತೈತಿ. ಕಂಪೌಂಡಿಗೆ 2 ಅಡಿ ಬಿಟ್ಟ್ರ ಮನಿಗೆ ಉಳಿಯೂದು 12 ಅಡಿನೂ ಇಲ್ಲ. ಕಟ್ಟಿದ ಮ್ಯಾಲ ಜರುಗಿಸಾಕ ಬರೂದಿಲ್ಲ. ಎತ್ತಿ ಇಡೂದಾದ್ರ ಗಾಳಿ ನೋಡಿ ಜಾಗಾ ಬದಲಿ ಮಾಡಬಹುದು, ಮಳಿಗಾಲದಾಗ ಒಳಗ ಇಡಬಹುದು.

ಗಾಳಿ ಅಂದೆ ನೋಡ್ರಿ, ಅದ ಮುಖ್ಯ. ಚಳಿಗಾಲದಾಗ ನಮ್ಮ ಕಡೆ ಗಾಳಿ ಹೆಚ್ಚಾಗಿ ಮೂಡಣದಿಂದ, ಈಶಾನ್ಯದಿಂದ. ಅಂದ್ರ ನಿಮ್ಮ ಕಿಡಿ ಹೋಗೂದು ಸೀದಾ ಪಶ್ಚಿಮಕ್ಕ, ಬಣವಿಗೆ. ಪೂರ್ವದ ಗ್ವಾಡಿಯಿಂದ 12 ಅಡಿಗೆ ಇಟ್ಟ್ರ ಬಣವಿಗೆ 33 ಅಡಿ ಸಿಗತೈತಿ. ಗಾಳಿ ಇಲ್ಲದ ದಿನಕ್ಕ ಅಷ್ಟು ನಡೀತೈತಿ. ಬೇವಿನ ಎಲಿ, ಸಣ್ಣ ಕಡ್ಡಿ ಬಿಡಲಾರದ ಅಲುಗಾಡಾಕತ್ತಿದ್ರ ಗಾಳಿ ತಾಸಿಗೆ 12-19 ಕಿಲೋಮೀಟರ್ ಐತಿ ಅಂತ ತಿಳ್ಕೋರಿ, ಹಚ್ಚಬ್ಯಾಡ್ರಿ. ಧೂಳು, ಹಾಳಿ ಚೂರು ಏಳಾಕತ್ತಿದ್ರ 20 ದಾಟಿರತೈತಿ, ಹಚ್ಚಿದ್ದನ್ನೂ ಆರಿಸ್ರಿ. ಉತ್ತರದ ಪ್ಲಾಟಿನ ಹುಲ್ಲು ಕಂಪೌಂಡ್ ಗುಂಟ 10 ಅಡಿ ಕೆತ್ತಿಸ್ರಿ. ನೆತ್ತಿ ಮ್ಯಾಲ ಬೇವಿನ ಟೊಂಗಿ, ಲೈಟಿನ ಸರ್ವಿಸ್ ವಾಯರ್ ಬರಬಾರದು.

ಕಟಗಿ ಬಗ್ಗೆ. ಬಳ್ಳಾರಿ ಜಾಲಿ ಚಲೋ: ಭಾರ, ಕಾವು ಜಾಸ್ತಿ, ಕೆಂಡ ಬಾಳ ಹೊತ್ತು ನಿಲ್ಲತೈತಿ. ಮುಳ್ಳು ಮೊದ್ಲ ಸವರ್ರಿ, ಚಪ್ಪಲ್ಯಾಗೂ ಚುಚ್ಚತೈತಿ. ಕರಿಜಾಲಿನೂ ಅಷ್ಟ ಚಲೋ. ಹಸಿ ಕಟಗಿ ತೂಕದಾಗ ಅರ್ಧಕ್ಕರ್ಧ ನೀರ ಇರತೈತಿ, ಕಾವೆಲ್ಲಾ ಅದನ್ನ ಆರಸೂದಕ್ಕ ಹೋಗಿ ಹೊಗಿ ಅಷ್ಟ ಉಳೀತೈತಿ. ಸೀಳಿ, ನೆಲಕ್ಕ ತಾಗದಂಗ ಒಟ್ಟಿ, ಮ್ಯಾಲಷ್ಟ ತಗಡು ಮುಚ್ಚಿ ಒಂದು ಬ್ಯಾಸಗಿ ಪೂರ್ತಿ ಬಿಡ್ರಿ. ಒಂದು ತುಂಡಿಗೆ ಗುರ್ತು ಹಾಕಿ ವಾರಕ್ಕೊಮ್ಮೆ ತೂಗ್ರಿ. ತೂಕ ಇಳಿಯೂದು ನಿಂತ್ರ ಒಣಗ್ಯಾವ. ಎರಡು ತುಂಡು ಬಡದ್ರ ಠಣ್ ಅನ್ನಬೇಕು, ದಬ್ ಅಂದ್ರ ಹಸಿ. ಮೀಟರ್ ಇದ್ದವರು 20 ಪರ್ಸೆಂಟಿನ ಒಳಗ ನೋಡ್ರಿ.

ತೊಗರಿ ಕಟಗಿ ಹೊತ್ತಸಾಕ ಅಷ್ಟ. ಹತ್ತಿ ಕಟಗಿಗೆ ಔಷಧ ಎಷ್ಟ ಸಲ ಹೊಡದಿರತಾರ ನಿಮಗ ಗೊತ್ತ ಐತಿ, ಸೀತನಿ ಸುಡೂ ಬೆಂಕಿಗೆ ಬ್ಯಾಡೇ ಬ್ಯಾಡ. ಬಾಗಲಾ ಚೌಕಟ್ಟಿಗೆ ಬಣ್ಣ ಹಚ್ಚಿದ್ರ ಅದೂ ಬ್ಯಾಡ, ಹಳೀ ಬಣ್ಣದಾಗ ಸೀಸ ಇರಬಹುದು. ಪ್ಲೈವುಡ್, ಔಷಧ ಕುಡಿಸಿದ ಕಟಗಿ ಇಲ್ಲ. ಪ್ಯಾಕಿಂಗ್ ಪ್ಯಾಲೆಟ್ ಸಿಕ್ಕ್ರ ಮುದ್ರಿ ನೋಡ್ರಿ: ಎಚ್‌ಟಿ ಅಂದ್ರ ಕಾಸಿದ್ದು, ಎಂಬಿ ಅಂದ್ರ ವಿಷದ ಗಾಳಿ ಕೊಟ್ಟಿದ್ದು, ಎಂಬಿ ಮುಟ್ಟಬ್ಯಾಡ್ರಿ. ಬೇಲಿ ಕಣಗಲ ಕಡದು ಹಾಕೂ ಮಂದಿ ಅದಾರ, ಅದರ ಹೊಗಿನೂ ವಿಷ. ಬಿದರು ಇಡೀದು ಹಾಕಿದ್ರ ಗೆಣ್ಣು ಗೆಣ್ಣಿಗೆ ಪಟಾಕಿ, ಸೀಳಿ ಹಾಕ್ರಿ. ಕಬ್ಬಿನ ರವದಿ, ರಟ್ಟು, ತೆಂಗಿನ ಗರಿ ಹಾಕಿದ್ರ ಹತ್ತಿದ ಹಾಳಿ ಹಾಳಿನ ಮ್ಯಾಲ ಏಳತೈತಿ. ನನ್ನ ಹೆಸರು ರವದಿ ಆದ್ರೂ ಇದನ್ನ ಹೇಳಬೇಕು.

ಕಸ ಮಾತ್ರ ಅದರಾಗ ಹಾಕಬ್ಯಾಡ್ರಿ. ಬಯಲಾಗ ಕಸ ಸುಡೂದಕ್ಕ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ದಾಗ 5,000 ರೂಪಾಯಿ ದಂಡ ಇಟ್ಟೈತಿ, ದೊಡ್ಡ ಪ್ರಮಾಣಕ್ಕ 25,000.


ಟ್ರ್ಯಾಕ್ಟರ್‌ಮಂದಿ (ಇಂಡಿ):

ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ಅರ್ಧ ಡ್ರಮ್ ಕೊಯ್ಸಿ, ಕಟಗಿ ಒಟ್ಟಿ, ಒಂದು ಚರಗಿ ಡೀಸೆಲ್ ಸುರೀರಿ, ಭಗ್ ಅಂತ ಹತ್ತತದ.


ಭಟ್ಟಿಕೆಲಸ (ಬೆಳಗಾವಿ):

ಆ ಭಗ್ ಅನ್ನೂದ ತ್ರಾಸು. ಡೀಸೆಲ್ ತಣ್ಣಗಿದ್ದಾಗ ಲಗೂ ಹತ್ತೂದಿಲ್ಲ, ಅದಕ್ಕ ಮಂದಿ ಇನ್ನಷ್ಟು ಸುರೀತಾರ. ಕೆಳಗ ಒಂದು ಕೆಂಡ ಇದ್ರ ಬಿಳಿ ಹೊಗಿ ಆಗಿ ತುಂಬಿ, ಎಲ್ಲಾ ಒಮ್ಮೆಗೇ ಹತ್ತತೈತಿ. ಪೆಟ್ರೋಲ್ ಅಂತೂ ತಣ್ಣಗಿದ್ದಾಗನೂ ಆವಿ ಬಿಡತೈತಿ, ಆವಿ ಗಾಳಿಗಿಂತ ಭಾರ, ಪಾತ್ರಿಯೊಳಗ ತುಂಬಿ ಕುಂತಿರತೈತಿ, ಕಡ್ಡಿ ಗೀರಿದವನ ಕೈ ಹಿಡದ ಬರತೈತಿ. ಸ್ಯಾನಿಟೈಸರಿನ ಉರಿ ಬೆಳಕಿನಾಗ ಕಾಣೂದೂ ಇಲ್ಲ.

ದಪ್ಪನ್ನ ಎರಡು ತುಂಡು ಕೆಳಗ, ಅಡ್ಡಕ್ಕ ಸಣ್ಣವು, ಎಲ್ಲಾಕ್ಕಿಂತ ಮ್ಯಾಲ ತೊಗರಿ ಕಡ್ಡಿ, ಅದರ ನಡುವ ಕರ್ಪೂರ ಎರಡು ಬಿಲ್ಲಿ. ಮ್ಯಾಲಿಂದ ಹಚ್ಚ್ರಿ. ಹೊಗಿ ಉರಿ ದಾಟಿ ಹೋಗೂದ್ರಿಂದ ಅಲ್ಲೇ ಸುಟ್ಟು ಕಡಿಮಿ ಆಗತೈತಿ. ಡ್ರಮ್ಮಿನ ಬಗ್ಗೆ: ಮೊದ್ಲ ಅದರಾಗ ಏನು ಇತ್ತು ಗೊತ್ತಿಲ್ಲಂದ್ರ ಕೊಯ್ಯೂದ ಅಪಾಯ, ಎಣ್ಣಿ ಆವಿಗೆ ಕಟರಿನ ಕಿಡಿ ಸಾಕು.


ನವನಗರ ವಾರ್ಡು (ಬಾಗಲಕೋಟೆ):

ಶೆಗಡಿಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನನಗೆ ಈ ಇಡೀ ಚರ್ಚೆಯಲ್ಲಿ ಅದೇ ದೊಡ್ಡದು. ಮಲಗುವ ಕೋಣೆಗೆ ಕೆಂಡ ಒಯ್ಯಬೇಡಿ. ಕಿಟಕಿ ಅರ್ಧ ತೆರೆದಿದ್ದರೂ ಬೇಡ.

ಉರಿ ಇಲ್ಲ, ಹೊಗೆ ಇಲ್ಲ ಎಂದು ಕೆಂಡವನ್ನು ಎಲ್ಲರೂ ಸೌಮ್ಯ ಎಂದುಕೊಳ್ಳುತ್ತಾರೆ. ಬೂದಿ ಮುಚ್ಚಿ ಗಾಳಿ ಕಡಿಮೆಯಾದ ಕೆಂಡವೇ ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಬಿಡುವುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ತಲೆನೋವು, ವಾಕರಿಕೆ, ಕಾಲು ಸೋಲುವುದು ಶುರುವಾಗುವ ಹೊತ್ತಿಗೆ ಎದ್ದು ಬಾಗಿಲು ತೆರೆಯುವ ಶಕ್ತಿ ಹೋಗಿರಬಹುದು. ಮಲಗಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಬಾಣಂತಿ ಮಂಚದ ಕೆಳಗೆ ಕೆಂಡ ಇಡುವ ರೂಢಿ ಗಾಳಿಯಾಡುವ ಹೆಂಚಿನ ಮನೆಗಳ ಕಾಲದ್ದು. ಸ್ಲ್ಯಾಬು, ಸ್ಲೈಡಿಂಗ್ ಕಿಟಕಿಯ ಕೋಣೆಯಲ್ಲಿ ಅದೇ ಕೆಂಡ ತಾಯಿ-ಕೂಸು ಇಬ್ಬರನ್ನೂ ಕೊಲ್ಲಬಹುದು. ಹಿರಿಯರಿಗೆ ರಬ್ಬರಿನ ಬಿಸಿನೀರಿನ ಚೀಲ ಕೊಡಿ.

ಇನ್ನು ಸುತ್ತ ಕೂರುವವರಿಗೆ. ಅಂಚಿನಿಂದ 4-5 ಅಡಿ ದೂರ, ಗಾಳಿ ಬರುವ ಬದಿಗೆ ಕೂರಲಿ. ಪಾಲಿಸ್ಟರ್ ಸೀರೆಯ ಸೆರಗು, ನೈಲಾನ್ ಜಾಕೆಟ್, ವೇಲು ಹತ್ತಿದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ಉಣ್ಣೆಯ ಕಂಬಳಿ ಬೇಗ ಹತ್ತುವುದಿಲ್ಲ, ಹೊದೆಯಲಿಕ್ಕೂ ಅದೇ, ಯಾರ ಮೈಗಾದರೂ ಬೆಂಕಿ ಹತ್ತಿದರೆ ಸುತ್ತಲಿಕ್ಕೂ ಅದೇ. ಅಂಥ ಹೊತ್ತಿನಲ್ಲಿ ಓಡಬಾರದು: ನೆಲಕ್ಕೆ ಬಿದ್ದು ಉರುಳಬೇಕು. ಮಕ್ಕಳಿಗೆ ಸುಣ್ಣದ ಗೆರೆ ಎಳೆಯಿರಿ. ರಬ್ಬರ್ ಚಪ್ಪಲಿ ಬೇಡ, ಕೆಂಡ ತುಳಿದರೆ ಅಂಟಿಕೊಳ್ಳುತ್ತದೆ.

ಸುಟ್ಟರೆ ನಲ್ಲಿಯ ತಣ್ಣೀರು, ಹರಿಯುವ ನೀರು, 20 ನಿಮಿಷ ಗಡಿಯಾರ ನೋಡಿಕೊಂಡು. ಎರಡು ನಿಮಿಷಕ್ಕೆ ಉರಿ ಕಡಿಮೆಯಾಯಿತೆಂದು ನಿಲ್ಲಿಸುತ್ತಾರೆ, ಆದರೆ ಚರ್ಮದ ಒಳಗಿನ ಕಾವು ಅಷ್ಟರಲ್ಲಿ ಇಳಿದಿರುವುದಿಲ್ಲ. ಬಳೆ, ಉಂಗುರ ಬಾವು ಬರುವ ಮೊದಲೇ ತೆಗೆಯಿರಿ. ಐಸ್, ಟೂತ್‌ಪೇಸ್ಟ್, ಅರಿಸಿನ, ಶಾಯಿ ಏನೂ ಹಚ್ಚಬೇಡಿ. ಆಸ್ಪತ್ರೆಯಲ್ಲಿ ಅದನ್ನು ಕೆರೆದು ತೆಗೆಯುವುದೇ ಇನ್ನೊಂದು ಗಾಯ. ಅಂಟಿದ ಬಟ್ಟೆ ಎಳೆಯಬೇಡಿ. ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಕೀಲು ಆಗಿದ್ದರೆ ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ 108ಕ್ಕೆ ಕರೆ ಮಾಡಿ. ಬೆಂಕಿ ಕೈಮೀರಿದರೆ 112 ಅಥವಾ 101.


ಎರಿಮಣ್ಣು (ವಿಜಯಪುರ):

ಶೆಗಡಿ ಮಾತು ಮುಗೀತ್ರಿ, ಒಳಗ ಒಯ್ಯೂದಿಲ್ಲ. ಕಾಯಂ ಕುಣಿನೂ ಬಿಟ್ಟೀವಿ. ಎತ್ತಿ ಇಡೂದು ಅಂದ್ರ ಏನು ತಗೋಬೇಕು? ಮನಿಯಾಗ ಒಂದು ದೊಡ್ಡ ಅಲ್ಯುಮಿನಿಯಂ ಪಾತೇಲಿ ಅದ, ಗುಜರಿಯೊಳಗ ಜಿಐ (ಸತು ಲೇಪಿಸಿದ ತಗಡು) ಟಬ್ ಸಿಗತಾವ. ಬಣವಿಯವರಿಗೆ ಕೇಳೀನಿ, ಶಿವರಾತ್ರಿ ತನಕ ಅಲ್ಲೇ ಇರತದಂತ. ಬೂದಿ ಗಿಡಕ್ಕ ಹಾಕಬಹುದೇನು?


ಭಟ್ಟಿಕೆಲಸ (ಬೆಳಗಾವಿ):

ಅಲ್ಯುಮಿನಿಯಂ 660 ಡಿಗ್ರಿಗೆ ಕರಗತೈತಿ, ಕೆಂಡದ ಕಾವು ಅದನ್ನ ಆರಾಮ ದಾಟತೈತಿ. ಜಿಐ ಮ್ಯಾಲಿನ ಸತು 419ಕ್ಕ ಕರಗತೈತಿ, ಅದರ ಹೊಗಿ ಕುಡದ್ರ ರಾತ್ರಿ ಚಳಿ-ಜ್ವರ. ಎರಡೂ ಬ್ಯಾಡ.

ಗುಜರಿಯೊಳಗ ಟ್ರ್ಯಾಕ್ಟರಿನ ಡಿಸ್ಕ್ ನೇಗಿಲ ತಟ್ಟಿ ಕೇಳ್ರಿ, 26 ಇಂಚಿಂದು. ಗಟ್ಟಿ ಉಕ್ಕು, ಬಾಗೂದಿಲ್ಲ. ತಟ್ಟಿ ಆಳ ಕಡಿಮಿ, ಕೆಂಡ ಉರುಳತಾವು, ಅದಕ್ಕ ಅಂಚಿಗೆ 4 ಇಂಚಿನ ಕಬ್ಬಿಣ ಪಟ್ಟಿ ಸುತ್ತ ವೆಲ್ಡಿಂಗ್ ಮಾಡಸ್ರಿ, ತಳದಾಗ ಮೂರ್ನಾಕು ಕಡೆ ಬೆರಳಷ್ಟು ಗಾಳಿ ಸಂದು ಬಿಡ್ರಿ. ಕಾಲು ಮೂರ ಸಾಕು, ನಾಕಾದ್ರ ಎರಿ ನೆಲದ ಮ್ಯಾಲ ಗಡಗಡ ಅಂತಾವು. 25 ಎಂಎಂ ಆ್ಯಂಗಲ್, 10 ಇಂಚು ಎತ್ತರ, ಕೆಳಗ ತಟ್ಟಿಯಷ್ಟ ಅಗಲಕ್ಕ ಚಾಚಿರಬೇಕು. ನಡುವಿನ ತೂತಿಗೆ ಸಣ್ಣ ತಗಡಿನ ಬಿಲ್ಲಿ ಮುಚ್ಚ್ರಿ, ಮಳಿ ಬಂದಾಗ ತಗದ್ರ ನೀರು ಇಳೀತೈತಿ. ಕಾಲಿನ ಕೆಳಗ 2 ಇಂಚು ಉಸುಕು, 5 ಅಡಿ ಅಗಲಕ್ಕ. ಇಲ್ಲಿ ನಿಮ್ಮ ಸಿಮೆಂಟ್ ಬ್ಲಾಕ್ ಅಂಚು ಕಟ್ಟಾಕ ಬರತಾವು ನೋಡ್ರಿ.

ಕಿಡಿಗೆ ಮ್ಯಾಲೊಂದು ಗುಮ್ಮಟದಂಥಾ ಜಾಳಗಿ, ತೂತು 6 ಎಂಎಂ, ಸ್ಟೀಲ್ ಇಲ್ಲಾ ಸಾದಾ ಕಬ್ಬಿಣ. ಕೋಳಿ ಗೂಡಿನ ಜಾಳಗಿ ಜಿಐ, ಬ್ಯಾಡ. ಬಣ್ಣ ಇದ್ದ ತಟ್ಟಿ ಆದ್ರ ಮೊದಲ ಬೆಂಕಿಯೊಳಗ ಬಣ್ಣ ಸುಡೂತನಾ ದೂರ ನಿಲ್ಲ್ರಿ, ಅವತ್ತು ಏನೂ ಸುಟ್ಟು ತಿನಬ್ಯಾಡ್ರಿ.

ತುಂಡು 16-18 ಇಂಚು ಮೀರಬಾರದು, ಅಂಚಿನ ಹೊರಗ ಚಾಚಿದ ಕಟಗಿ ಸುಟ್ಟು ಮುರದು ಕೆಳಗ ಬೀಳತೈತಿ. ಉರಿ 2 ಅಡಿ ದಾಟಿದ್ರ ಕಟಗಿ ಹಾಕೂದು ನಿಲ್ಲಸ್ರಿ. ಎರಡು ತಾಸಿಗೆ 8-10 ಕಿಲೋ ಜಾಲಿ ಬೇಕಾಗತೈತಿ. ಹಚ್ಚೂ ಮೊದ್ಲ ಎರಡು ಬಕೀಟು ನೀರು, ಒಂದು ಬಕೀಟು ಉಸುಕು, ನೀರು ಬರೂ ಪೈಪು ಕೈಗೆ ಸಿಗೂವಂಗ ಇರಬೇಕು.

ಮಲಗೂಕಿಂತ ತಾಸು ಮೊದ್ಲ ಕಟಗಿ ಬಂದ್ ಮಾಡ್ರಿ. ಕೆಂಡ ಸಲಿಕಿಲೆ ಹರವಿ, ನೀರು ಚಿಮಿಕಿಸ್ರಿ, ಒಮ್ಮೆಗೇ ಬಕೀಟು ಸುರಿದ್ರ ಉಗಿ ಮತ್ತ ಬಿಸಿ ಬೂದಿ ಮಾರಿಗೆ ಬರತೈತಿ. ಕಲಸ್ರಿ, ಮತ್ತ ಚಿಮಿಕಿಸ್ರಿ. ಸುಂಯ್ ಅನ್ನೂದು ನಿಂತ ಮ್ಯಾಲ ಅಂಗೈ ಹಿಂಬದಿ ಸನೇಕ ಹಿಡದು ನೋಡ್ರಿ, ಕಾವು ತಾಗಿದ್ರ ಇನ್ನೂ ಆರಿಲ್ಲ. ಬೂದಿ ಮುಚ್ಚಿದ ಕೆಂಡ ಮೂರು-ನಾಕು ದಿವಸ ಜೀವ ಹಿಡದಿರತೈತಿ. ಹಂಗಾಗಿ ಬೂದಿ ಮುಚ್ಚಳ ಇದ್ದ ಕಬ್ಬಿಣ ಡಬ್ಬಿಗೆ, ಪ್ಲಾಸ್ಟಿಕ್ ಬುಟ್ಟಿಗಾಗ್ಲಿ ತಿಪ್ಪಿಗಾಗ್ಲಿ ಅಲ್ಲ.


ರವದಿ (ಮುಧೋಳ):

ಬೂದಿ ಕ್ಷಾರ, ನಿಮ್ಮ ಎರಿನೂ ಮೊದ್ಲ ಕ್ಷಾರದ ಕಡೀನ ಇರತೈತಿ. ಗಿಡದ ಬುಡಕ್ಕ ವರ್ಷಕ್ಕ ಒಂದೆರಡು ಮುಷ್ಟಿ ಸಾಕು, ಬುಟ್ಟಿಗಟ್ಟಲೆ ಸುರಿದ್ರ ಎಲಿ ಹಳದಿ ಆಗತಾವ. ಪಾತ್ರಿ ತಿಕ್ಕಾಕ ಇಟ್ಕೋರಿ.

ಸೀತನಿ ಸುಡಾಕ ಉರಿ ಬ್ಯಾಡ. ಉರಿ ಕುಂತು ಕೆಂಡ ಬೂದಿ ಬಣ್ಣಕ್ಕ ತಿರುಗಿದ ಮ್ಯಾಲ ತೆನಿ ಅದರಾಗ ಹೊರಳಸ್ರಿ, ಸುಂಕು ಸುಟ್ಟು ಕಾಳು ಬಿಸಿ ಆದ್ರ ಸಾಕು. ಕುಳ್ಳಿನ ಕೆಂಡ ಇದ್ರ ಇನ್ನೂ ಚಲೋ, ಕಾವು ಮೆತ್ತಗ ಇರತೈತಿ. ತೆನಿ ಬಡಿಯೂದು, ತಿಕ್ಕೂದು ಜಾಳಗಿ ಮುಚ್ಚಿದ ಮ್ಯಾಲ ಮಾಡ್ರಿ. ಸುಂಕಿಗೆ ಕಿಡಿ ಹತ್ತಿ ಹಾರತೈತಿ.

ಬಣವಿ ಶಿವರಾತ್ರಿ ತನಕ ಅಲ್ಲೇ ಇದ್ರ ಅದರ ಮ್ಯಾಲ ಪ್ಲಾಸ್ಟಿಕ್ ತಾಡಪತ್ರಿ ಹಾಕಿದ್ರ ಆತು ಅನ್ಕೋಬ್ಯಾಡ್ರಿ, ಕಿಡಿ ಬಿದ್ದಲ್ಲೆ ಕರಗಿ ತೂತು ಬೀಳತೈತಿ, ಒಳಗ ಹೊಗಿಯಾಡೂದು ಹೊರಗ ಕಾಣೂದಿಲ್ಲ. ಹಚ್ಚೂ ಮೊದ್ಲ ಊದಿನಕಡ್ಡಿ ಒಂದು ಹಿಡದು ಹಿತ್ತಲದಾಗ ಎರಡು ನಿಮಿಷ ನಿಲ್ಲ್ರಿ. ಹೊಗಿ ನೆಟ್ಟಗ ಮ್ಯಾಲ ಹೋದ್ರ ಹಚ್ಚ್ರಿ. ಬಣವಿ ಕಡೆ ಮಲಗಿದ್ರ ಅವತ್ತ ಸೀತನಿ ತಿನ್ನಾಕ ಯಾರದರ ಹೊಲಕ್ಕ ಹೋಗ್ರಿ.